ಜೋಗುಳದ ನಡುವಿನ ನಾಲ್ಕು ಸಾಲು

ಒಕೋತ್‌ಗೆ ಸುಮ್ಮನಿರಲು ಬರುತ್ತಿರಲಿಲ್ಲ. ಕೆನ್ಯಾದ ದೊಡ್ಡ ಸರೋವರದ ದಂಡೆಯ ಊರಿನಲ್ಲಿ ಅವನ ತಂದೆ ಮದುವೆ ಮನೆಗಳಲ್ಲೂ ಸಾವಿನ ಮನೆಗಳಲ್ಲೂ ನ್ಯಾತಿತಿ ನುಡಿಸುತ್ತಿದ್ದರು. ನ್ಯಾತಿತಿ ಎಂದರೆ ಎಂಟು ತಂತಿಯ ವಾದ್ಯ. ಗಿಡ್ಡ ಮಣೆಯ ಮೇಲೆ ಕೂತು, ಕಾಲಿನ ಹೆಬ್ಬೆರಳಿಗೆ ಕಬ್ಬಿಣದ ಉಂಗುರ ತೊಟ್ಟು, ಕೈಯಲ್ಲಿ ತಂತಿ ಮೀಟುತ್ತ ಆ ಉಂಗುರದಿಂದ ಮರಕ್ಕೆ ತಟ್ಟಿ ತಾಳ ಹಾಕಬೇಕು. ಅಪ್ಪನಿಂದ ಮಗನಿಗೆ ಕೈಯೂ ಬಂತು, ಕಾಲೂ ಬಂತು. ಅಪ್ಪನಿಗಿಲ್ಲದ ಬಾಯಿಯೂ ಬಂತು. ಹಾಡಿನ ಮೊದಲು ಮಾತು, ಹಾಡಿನ ನಂತರ ಮಾತು, ತಂತಿ ಬಿಗಿಮಾಡುವಾಗ ಮಾತು. "ನಿನ್ನ ವಾದ್ಯಕ್ಕೆ ಉಸಿರಾಡಲು ಬಿಡೋ" ಎಂದು ಅಪ್ಪ ಬೈಯುತ್ತಿದ್ದರು.

ಇಪ್ಪತ್ತೊಂದನೇ ವಯಸ್ಸಿಗೆ ಬಿ.ಕಾಂ. ಓದಲು ಮೈಸೂರಿಗೆ ಬಂದ. ಸರಸ್ವತಿಪುರಂನ ಒಂದು ಔಟ್‌ಹೌಸಿನಲ್ಲಿ ಮೂರು ವರ್ಷ ಇದ್ದ. ಮನೆಯೊಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇವನಿಗೆ ಮಾತಿಲ್ಲದೆ ಇರಲಾಗುತ್ತಿರಲಿಲ್ಲ. ಹೀಗಾಗಿ ಆರು ತಿಂಗಳಿಗೆ ಕನ್ನಡ ಬಂತು. ಹಾಲಿನವನ ಜೊತೆ ಜಗಳವಾಡುವಷ್ಟು ಚೆನ್ನಾಗಿಯೇ ಬಂತು. ಓದು ಮುಗಿಸಿ ನೈರೋಬಿಗೆ ಹೋಗಿ, ನಾಲ್ಕು ವರ್ಷ ಅಲ್ಲಿ ಇಲ್ಲಿ ದುಡಿದು, ತೊಂಬತ್ತಾರರಲ್ಲಿ ಶಿಕಾಗೋ ಸೇರಿದ.

ಶಿಕಾಗೋದಲ್ಲಿ ರಾತ್ರಿ ಪಾಳಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಊರಿನ ಉತ್ತರ ಭಾಗದ ಒಂದು ಇಥಿಯೋಪಿಯನ್ ಹೋಟೆಲಿನಲ್ಲಿ ನ್ಯಾತಿತಿ ನುಡಿಸುತ್ತಿದ್ದ. ಒಂದು ದಿನ ಅವನು ಹಾಡು ನಿಲ್ಲಿಸಿ ಕಥೆ ಹೇಳಲು ಶುರು ಮಾಡಿದಾಗ ಕಿಟಕಿ ಪಕ್ಕದ ಮೇಜಿನಿಂದ ಒಬ್ಬಳು, ಅವನು ಬಿಟ್ಟ ಕಡೆಯಿಂದ ಹಾಡನ್ನು ಎತ್ತಿಕೊಂಡಳು. ಜೋರಾಗಿಯಲ್ಲ. ತಟ್ಟೆ ನೋಡುತ್ತಲೇ ಹಾಡಿದಳು. ಹೋಟೆಲಿನ ಚಮಚಗಳ ಸದ್ದೆಲ್ಲ ನಿಂತಿತು. ಅವಳೇ ಅವೂರ್. ವೃದ್ಧರ ಆಶ್ರಯಧಾಮದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದಳು, ಒಕೋತ್‌ನದೇ ಲುಓ ಭಾಷೆಯವಳು. ಆ ದಿನ ಒಕೋತ್ ಮೂರು ನಿಮಿಷ ಬಾಯಿ ಮುಚ್ಚಿಕೊಂಡಿದ್ದ. "ನಾನು ಅವಳನ್ನ ಸುಮ್ಮನೆ ಕೇಳಿದ್ದು ಅದೊಂದೇ ಸಲ" ಎಂದು ಬಹಳ ವರ್ಷಗಳ ನಂತರ ಅವನೇ ಹೇಳಿಕೊಂಡಿದ್ದಾನೆ.

ಮದುವೆಯಾಯಿತು. ಎರಡು ಸಾವಿರದ ಇಸವಿಯಲ್ಲಿ ಮಗಳು ಅನ್ಯಾಂಗೊ ಹುಟ್ಟಿದಳು. ಮರುವರ್ಷ ಮಿಷಿಗನ್‌ನ ಡಿಯರ್‌ಬಾರ್ನ್ ಹತ್ತಿರ ಕಾರಿನ ಸೀಟು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮೂವರೂ ಕ್ಯಾಂಟನ್ನಿಗೆ ಬಂದರು. ಒಕೋತ್‌ನದು ಸಂಜೆ ಪಾಳಿ. ಮಗುವನ್ನು ಮಲಗಿಸುವ ಹೊತ್ತಿಗೆ ಅವನು ಮನೆಯಲ್ಲಿರುತ್ತಿರಲಿಲ್ಲ. ಮಲಗಿಸಲು ಅವೂರ್ ಒಂದು ಜೋಗುಳ ಹಾಡುತ್ತಿದ್ದಳು. ಎಂಟು ಸಾಲಿನ ಪುಟ್ಟ ಹಾಡು.

ಎರಡು ವರ್ಷದ ನಂತರ ಒಂದು ಸಣ್ಣ ಸಮುದಾಯ ರೇಡಿಯೋ ಕೇಂದ್ರದವರು ಶನಿವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ನಡೆಯುವ ಆಫ್ರಿಕನ್ ಕಾರ್ಯಕ್ರಮಕ್ಕೆ ಜನ ಹುಡುಕುತ್ತಿದ್ದಾರೆಂದು ಗೊತ್ತಾಗಿ ಒಕೋತ್ ಹೋಗಿ ನಿಂತ. ಕಾರ್ಯಕ್ರಮಕ್ಕೆ 'ಪಾಚೊ' ಎಂದು ಹೆಸರಿಟ್ಟ. ಲುಓದಲ್ಲಿ ಹಾಗೆಂದರೆ ಮನೆ. ಹಾಡುಗಳು, ಊರಿನ ಸುದ್ದಿ, ಯಾರಿಗೆ ಮಗು ಹುಟ್ಟಿತು, ಯಾರ ತಾಯಿ ತೀರಿಕೊಂಡರು, ಯಾರು ಬಾಡಿಗೆಗೆ ಕೋಣೆ ಹುಡುಕುತ್ತಿದ್ದಾರೆ, ಎಲ್ಲವನ್ನೂ ಅವನು ಪಕ್ಕದ ಮನೆಯವನ ಹಾಗೆ ಹೇಳುತ್ತಿದ್ದ. ಆಸ್ಪತ್ರೆಯ ಅಡುಗೆಮನೆಗಳಲ್ಲಿ, ಟ್ರಕ್ಕುಗಳಲ್ಲಿ, ಸಲೂನುಗಳಲ್ಲಿ ಜನ ಅವನನ್ನು ಕೇಳಿದರು. ಕಾರ್ಯಕ್ರಮ ಮುಗಿಯುವಾಗ ಪ್ರತಿ ವಾರ ಅವೂರ್ ಸ್ಟುಡಿಯೋದಲ್ಲೇ ಕೂತು ಆ ಜೋಗುಳ ಹಾಡುತ್ತಿದ್ದಳು. ಒಕೋತ್ ನ್ಯಾತಿತಿ ನುಡಿಸುತ್ತಿದ್ದ. ಮೊದಲ ಎರಡು ಸಾಲು ಆಗುತ್ತಿದ್ದಂತೆ ಮೈಕಿಗೆ ಬಾಗಿ, ಮುಂದಿನ ವಾರ ಯಾರು ಬರುತ್ತಾರೆ, ಹವಾಮಾನ ಹೇಗಿದೆ, ಯಾವ ಅಂಗಡಿಯವರಿಗೆ ಕೃತಜ್ಞತೆ ಎಂದು ಹೇಳಿ ಮುಗಿಸುತ್ತಿದ್ದ. ಸರಿಯಾಗಿ ಕೊನೆಯ ಎರಡು ಸಾಲಿಗೆ ಮಾತು ನಿಲ್ಲುತ್ತಿತ್ತು. ಗಡಿಯಾರ ನೋಡಬೇಕಿರಲಿಲ್ಲ. ಹೆಂಡತಿಯ ಹಾಡೇ ಅವನ ಗಡಿಯಾರವಾಗಿತ್ತು.

ಕನ್ನಡದವರಿಗೆ ಅವನು ಸಿಕ್ಕಿದ್ದು ಕ್ಯಾಂಟನ್ನಿನ ಇಂಡಿಯನ್ ಅಂಗಡಿಯಲ್ಲಿ. ಕೊತ್ತಂಬರಿ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಪದ್ಮ ಅವರಿಗೆ ಪಕ್ಕದಿಂದ, "ಅದು ಬಾಡಿದೆ ಮೇಡಂ. ಒಳಗಡೆ ಫ್ರೆಶ್ ಇದೆ, ಕೇಳಿ ತಗೊಳಿ" ಎಂದ. ಪದ್ಮ ತಿರುಗಿ ನೋಡಿದರು. ಆರಡಿ ಎತ್ತರದ ಆಫ್ರಿಕನ್ ಒಬ್ಬನನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ನೀವಾ ಮಾತಾಡಿದ್ದು?"

"ನಾನೇ. ಮೈಸೂರಲ್ಲಿ ಮೂರ್ವರ್ಷ ಇದ್ದೆ."

ಪದ್ಮ ಅವರ ಗಂಡ ಚಂದ್ರಮೌಳಿ ಡಿಯರ್‌ಬಾರ್ನಿನಲ್ಲಿ ಎಂಜಿನಿಯರು, ಆ ವರ್ಷ ಕನ್ನಡ ಸಂಘದ ಕಾರ್ಯದರ್ಶಿ. ನವೆಂಬರಿನ ರಾಜ್ಯೋತ್ಸವಕ್ಕೆ ಒಕೋತ್‌ನನ್ನು ನಿರೂಪಕನಾಗಿ ನಿಲ್ಲಿಸಿಯೇಬಿಟ್ಟರು. ನ್ಯಾತಿತಿ ನುಡಿಸಲು ಅವನು ಕಾಲಿಗೆ ಕಬ್ಬಿಣದ ಉಂಗುರ ತೊಟ್ಟಾಗ ಹೆಂಗಸರ ಸಾಲಿನಲ್ಲಿ ನಗು ಎದ್ದಿತು. "ಅಯ್ಯೋ, ಕಾಲುಂಗುರ ಹಾಕ್ಕೊಂಡಿದಾರೆ ನೋಡ್ರೇ!" ಒಕೋತ್ ಮೈಕಿನಲ್ಲೇ, "ಮದುವೆ ಆಗಿದೆ ಅಂತ ಎಲ್ರಿಗೂ ಗೊತ್ತಾಗ್ಬೇಕಲ್ವಾ ಅಕ್ಕ?" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನೈಜೀರಿಯಾದವರ ನಾಮಕರಣ, ಕೆನ್ಯಾದವರ ಚರ್ಚಿನ ವಾರ್ಷಿಕೋತ್ಸವ, ಕನ್ನಡಿಗರ ಆರತಕ್ಷತೆ, ಎಲ್ಲದಕ್ಕೂ ಅವನೇ. ಡೆಟ್ರಾಯ್ಟಿನಿಂದ ಶಿಕಾಗೋವರೆಗೆ ವಾರಾಂತ್ಯಗಳಲ್ಲಿ ಅವನ ವ್ಯಾನು ಓಡಿತು. ಪಕ್ಕದ ಸೀಟಿನಲ್ಲಿ ಅವೂರ್.

ಅವಳ ಹಾಡು ಎಲ್ಲ ಕಡೆಯೂ ಬೇಕಾಗುತ್ತಿತ್ತು. ಮದುಮಗಳು ಇನ್ನೂ ಸಿದ್ಧವಾಗಿಲ್ಲ, ಅವೂರ್ ಹಾಡಲಿ. ಊಟದ ಸಾಲು ಉದ್ದವಿದೆ, ಅವೂರ್ ಹಾಡಲಿ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದರೆ ಒಕೋತ್ ಅವಳ ದನಿಯ ಮೇಲೆಯೇ, "ಆರನೇ ಟೇಬಲಿನವರು ಊಟಕ್ಕೆ ದಯಮಾಡಿಸಿ. ಬಿಳಿ ಬಣ್ಣದ ವ್ಯಾನಿನವರು ಲೈಟ್ ಆನ್ ಬಿಟ್ಟು ಬಂದಿದ್ದೀರಿ" ಎಂದು ಹೇಳುತ್ತಿದ್ದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಖಾಲಿ ಜಾಗ ಬಿಟ್ಟರೆ ಸಭೆ ಕೈತಪ್ಪುತ್ತದೆ, ಅದು ಅವನ ಕಸುಬಿನ ಮೊದಲ ಪಾಠ.

ಒಂದು ಸಲ, ಶಿಕಾಗೋದಿಂದ ಕಲಮಜೂ ಊರು ದಾಟಿ ಮನೆಗೆ ಬರುತ್ತಿದ್ದಾಗ ಅವೂರ್ ಕೇಳಿದಳು. "ಒಂದು ದಿನ ನನ್ನ ಹಾಡನ್ನ ಪೂರ್ತಿ ಬಿಡ್ತೀಯಾ?"

"ಪೂರ್ತಿನೇ ಹಾಡ್ತೀಯಲ್ಲ?"

"ನಾನು ಹಾಡ್ತೀನಿ. ನೀನು ಬಿಡಲ್ಲ."

ಒಕೋತ್ ನಕ್ಕ. ಮುಂದಿನ ವಾರ ಬಿಡ್ತೀನಿ ಎಂದ. ಮುಂದಿನ ವಾರ ಯಾರದೋ ಸಾವಿನ ಸುದ್ದಿ ಇತ್ತು, ಹೇಳಲೇಬೇಕಿತ್ತು.

ಎರಡು ಸಾವಿರದ ಹದಿನಾಲ್ಕರಲ್ಲಿ ಅವೂರ್ ಹಾಡುವುದನ್ನು ಬಿಟ್ಟಳು. ಗಂಟಲು ಮೊದಲಿನ ಹಾಗಿಲ್ಲ ಎಂದಳು. ಒಕೋತ್ ಸರಿ ಎಂದ, ಕಾರ್ಯಕ್ರಮದ ಕೊನೆಗೆ ಬೇರೆ ಸಂಗೀತ ಹಾಕಿದ. ಗಂಟಲಿಗೆ ಏನಾಗಿದೆ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಅವಳೂ ಕೇಳಲಿಲ್ಲ.

ಅದಾದ ಒಂಬತ್ತು ವರ್ಷಕ್ಕೆ ಅಂಡಾಶಯದ ಕ್ಯಾನ್ಸರ್ ಬಂತು. ಏಳು ತಿಂಗಳು. ಆಸ್ಪತ್ರೆಯಲ್ಲಿ ಒಕೋತ್ ಅವಳ ಪಕ್ಕ ಕೂತು ಮಾತಾಡಿದ. ನರ್ಸುಗಳನ್ನು ನಗಿಸಿದ, ಕಾರ್ಖಾನೆಯ ಸುದ್ದಿ ಹೇಳಿದ, ರೇಡಿಯೋಗೆ ಬಂದ ಫೋನ್ ಕರೆಗಳನ್ನು ಅವರವರ ದನಿಯಲ್ಲಿ ಅಣಕಿಸಿ ತೋರಿಸಿದ. ಫೆಬ್ರವರಿಯ ಒಂದು ಮಧ್ಯಾಹ್ನ, ಹೊರಗೆ ಮೈನಸ್ ಹದಿನೈದು ಡಿಗ್ರಿ ಚಳಿ. ವಸಂತಕ್ಕೆ ಮನೆಯ ಹಿಂದೆ ಏನೇನು ಬೀಜ ಹಾಕಬೇಕು ಎಂದು ಅವನು ಪಟ್ಟಿ ಮಾಡುತ್ತಿದ್ದಾಗ ಅವೂರ್ ಕಣ್ಣು ತೆರೆಯದೆ ಅವನ ಕೈ ಒತ್ತಿದಳು.

"ಸ್ವಲ್ಪ ಸುಮ್ನಿರು, ಒಕೋತ್."

ಸುಮ್ಮನಾದ. ಅವಳು ನಿದ್ದೆ ಹೋದಳು. ಆ ನಿದ್ದೆಯಿಂದ ಮತ್ತೆ ಏಳಲಿಲ್ಲ.

ಅವಳ ಅಂತ್ಯಕ್ರಿಯೆಗೂ ಅವನೇ ನಿರೂಪಕ. ಬೇಡ ಡ್ಯಾಡ್, ಬೇರೆ ಯಾರಾದರೂ ಮಾಡಲಿ ಎಂದು ಅನ್ಯಾಂಗೊ ಬೇಡಿಕೊಂಡಳು. ಅವನು ಕೇಳಲಿಲ್ಲ. ಮಾತಾಡುವವರನ್ನು ಒಬ್ಬೊಬ್ಬರಾಗಿ ಕರೆದ, ಉದ್ದ ಎಳೆದವರನ್ನು ನಯವಾಗಿ ಕೂರಿಸಿದ, ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಯಿತು. ಜನ ಕೈಹಿಡಿದು, ಎಷ್ಟು ಗಟ್ಟಿಯಾಗಿ ನಿಂತೆ ನೀನು ಎಂದರು. ಮಗಳು ಮೊದಲ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದಳು.

ಅನ್ಯಾಂಗೊ ಈಗ ಶಿಕಾಗೋ ಪಶ್ಚಿಮದ ಡೌನರ್ಸ್ ಗ್ರೋವ್‌ನಲ್ಲಿ ಗಂಡನೊಂದಿಗೆ ಇದ್ದಾಳೆ, ನರ್ಸ್. ತಾಯಿ ಹೋದ ಮರುವರ್ಷ ಬೇಸಿಗೆಯಲ್ಲಿ ಫೋನ್ ಮಾಡಿ, ತಾನು ಬಸುರಿ, ನವೆಂಬರಿಗೆ ದಿನ ಎಂದಳು. ಒಕೋತ್ ಅರ್ಧ ಗಂಟೆ ಹಾರೈಸಿದ. ಅವನು ಉಸಿರು ತೆಗೆದುಕೊಂಡಾಗ ಅವಳು ಕೇಳಿದಳು. "ಡ್ಯಾಡ್, ಮಾಮ್‌ದು ಆ ಲಲಬೈ ಬೇಕು. ನನಗೆ ಮೊದಲೆರಡು ಸಾಲು ಬಿಟ್ಟು ಏನೂ ನೆನಪಿಲ್ಲ. ನನ್ನ ಮಗು ಅದನ್ನ ಅವಳ ದನಿಯಲ್ಲೇ ಕೇಳಬೇಕು."

"ಅಷ್ಟೇ ತಾನೆ? ಐನೂರು ಸಲ ರೆಕಾರ್ಡ್ ಆಗಿದೆ. ಎಲ್ಲ ಬೇಸ್‌ಮೆಂಟಲ್ಲಿದೆ!"

ನಿಜಕ್ಕೂ ಇದ್ದವು. ರೇಡಿಯೋದ ಪ್ರತಿ ಕಾರ್ಯಕ್ರಮದ ಒಂದು ಪ್ರತಿಯನ್ನು ಅವನು ಮನೆಗೆ ತರುತ್ತಿದ್ದ. ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ. ಹನ್ನೊಂದು ಪೆಟ್ಟಿಗೆ, ಒಂದೊಂದರ ಮೇಲೂ ಅವೂರ್ ಕೈಬರಹದಲ್ಲಿ ತಾರೀಖು. ಮೊದಲ ಕ್ಯಾಸೆಟ್ಟನ್ನು ಕೊನೆಗೆ ಓಡಿಸಿ ಹಾಕಿದ. ನ್ಯಾತಿತಿ, ಮೊದಲ ಎರಡು ಸಾಲು. ಹದಿನೆಂಟು ತಿಂಗಳ ನಂತರ ಅವಳ ದನಿ. ಒಕೋತ್ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆ ದನಿಯ ಮೇಲೆ ಗಂಡಸೊಬ್ಬ ಮಾತಾಡತೊಡಗಿದ. ಹಿಮ ಬೀಳುವ ಸಂಭವವಿದೆ, ಹುಷಾರಾಗಿ ಡ್ರೈವ್ ಮಾಡಿ.

ಇನ್ನೊಂದು ಹಾಕಿದ. ಮತ್ತೊಂದು. ಬೇರೆ ವರ್ಷದ್ದು ನೋಡೋಣ ಎಂದು ಬೇರೆ ಪೆಟ್ಟಿಗೆ ತೆಗೆದ. ಕಾರ್ಖಾನೆಯಿಂದ ಅವನು ಆಗಲೇ ನಿವೃತ್ತನಾಗಿದ್ದ, ಬೆಳಗಿನ ಕಾಫಿ ಹಿಡಿದು ಬೇಸ್‌ಮೆಂಟಿಗೆ ಇಳಿದರೆ ಊಟದ ಹೊತ್ತಿಗೆ ಮೇಲೆ ಬರುತ್ತಿದ್ದ. ಮೂರು ವಾರ ಹಾಗೆ ಕೇಳಿದ. ಎಲ್ಲದರಲ್ಲೂ ಮೊದಲೆರಡು ಸಾಲು ಅವಳವು, ಕೊನೆಯೆರಡು ಸಾಲು ಅವಳವು, ನಡುವಿನ ನಾಲ್ಕು ಸಾಲಿನ ಜಾಗ ಪೂರ್ತಿ ಅವನದು. ಉಲ್ಲಾಸದ, ತುಂಬಿದ, ಎಲ್ಲರೂ ಮೆಚ್ಚಿದ ದನಿ. ತನ್ನ ದನಿಯನ್ನು ಹಾಗೆ ದ್ವೇಷಿಸಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಆ ನಾಲ್ಕು ಸಾಲನ್ನು ನೆನಪು ಮಾಡಿಕೊಳ್ಳಲು ಕೂತ. ಹಾಡು ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಎಂಬುದು ಮೈಗೆ ಹತ್ತಿದಷ್ಟು ಗೊತ್ತಿತ್ತು. ನಡುವೆ ಏನಿತ್ತೆಂದು ಒಂದು ಪದವೂ ಬರಲಿಲ್ಲ.

ಎರಡು ಸಾವಿರದ ಏಳರ ಒಂದು ಸಿ.ಡಿ.ಯಲ್ಲಿ ಅವನು ಮಾತಿನ ನಡುವೆ ಕೆಮ್ಮಿದ್ದ. ಮೈಕಿನಿಂದ ಮುಖ ತಿರುಗಿಸಿರಬೇಕು. ಆ ಮೂರು ಸೆಕೆಂಡಿನಲ್ಲಿ ಅವೂರ್ ದನಿ ಸ್ವಚ್ಛವಾಗಿ ಕೇಳಿಸಿತು. "...ಒಕೋತ್..." ಅಷ್ಟೇ. ಆಮೇಲೆ ಕ್ಷಮಿಸಿ ಎಂದು ನಕ್ಕು ಅವನು ಮುಂದುವರಿಸಿದ್ದ.

ಮತ್ತೆ ಹಾಕಿದ. ಅನುಮಾನವೇ ಇಲ್ಲ. ಜೋಗುಳದ ಒಳಗೆ ಅವನ ಹೆಸರಿತ್ತು.

ಕೆನ್ಯಾದ ಕಿಸುಮುವಿನಲ್ಲಿದ್ದ ಅವೂರ್ ಅಕ್ಕನಿಗೆ ಫೋನ್ ಮಾಡಿದ. ಆಕೆ ಮೊದಲೆರಡು ಸಾಲು ಹಾಡಿದಳು, ಕೊನೆಯೆರಡು ಹಾಡಿದಳು. "ನಡುವಿನದ್ದು?" ಎಂದ.

"ನಡುವಿನದ್ದು ನನ್ನದು ಬೇರೆ, ಅವಳದ್ದು ಬೇರೆ. ನಮ್ಮಮ್ಮ ಕಲಿಸಿದ್ದೇ ಹಾಗೆ. ಮೊದಲೂ ಕೊನೆಯೂ ಅಜ್ಜಿಯದು, ನಡುವೆ ಅವರವರ ಮನೆ ಮಾತು, ಹೇಳಬೇಕು ಅನಿಸಿದ್ದು. ನಾನು ನನ್ನ ಗಂಡನ್ನ ಚೆನ್ನಾಗಿ ಬೈದಿದ್ದೆ." ಆಕೆ ನಕ್ಕಳು. ಆಮೇಲೆ ಕೇಳಿದಳು, "ಅವಳು ಏನು ಹಾಡ್ತಿದ್ದಳು? ಪಕ್ಕದಲ್ಲೇ ಕೂತು ನುಡಿಸ್ತಿದ್ದವನು ನೀನಲ್ವಾ?"

ಉಳಿದದ್ದು ಒಂದೇ ದಾರಿ, ಮದುವೆ ವೀಡಿಯೋಗಳು. ತಾನು ನಡೆಸಿಕೊಟ್ಟ ಮನೆಗಳಿಗೆಲ್ಲ ಫೋನ್ ಮಾಡಿದ. ಹೆಚ್ಚಿನವರ ಹತ್ತಿರ ಇರಲಿಲ್ಲ, ಇದ್ದವುಗಳಲ್ಲಿ ಅವಳಿರಲಿಲ್ಲ. ಕೊನೆಗೆ ಪದ್ಮ ಅವರ ಮಗಳು ನಿರುಪಮಾ, "ನಮ್ಮ ರಿಸೆಪ್ಶನ್ ಡಿವಿಡಿ ಇದೆ ಅಂಕಲ್. ಅವೂರ್ ಆಂಟಿ ಹಾಡಿದ್ದು ನಂಗೆ ಚೆನ್ನಾಗಿ ನೆನಪಿದೆ. ಆಗ ನೀವು ಪಾರ್ಕಿಂಗ್ ಲಾಟಲ್ಲಿ ಇದ್ರಿ, ಕೇಕ್ ವ್ಯಾನ್ ದಾರಿ ತಪ್ಪಿತ್ತಲ್ಲ!" ಎಂದಳು. ತಾನಿಲ್ಲದ ಹೊತ್ತು! ಮರುದಿನ ಬೆಳಿಗ್ಗೆಯೇ ಕಾರು ಹತ್ತಿ ಇನ್ನೂರೈವತ್ತು ಚಿಲ್ಲರೆ ಮೈಲಿ ಡ್ರೈವ್ ಮಾಡಿ ಶಿಕಾಗೋ ಪಕ್ಕದ, ನಿರುಪಮಾ ಇರುವ ವೆಸ್ಟ್‌ಮಂಟ್ ತಲುಪಿದ.

ನಿರುಪಮಾ ಮತ್ತು ಅವಳ ಗಂಡ ಹರಿಯ ಜೊತೆಗೇ ಈಗ ಪದ್ಮ, ಚಂದ್ರಮೌಳಿ ಇಬ್ಬರೂ ಇದ್ದಾರೆ. ಪದ್ಮ ಬಾಗಿಲಲ್ಲೇ ಅವನ ಎರಡೂ ಕೈ ಹಿಡಿದುಕೊಂಡರು. "ಇಳಿದು ಹೋಗಿದೀರಲ್ಲ ಒಕೋತ್." ಉಪ್ಪಿಟ್ಟು ಮಾಡಿದ್ದರು. ಅವನಿಗೆ ತಿನ್ನುವಷ್ಟು ತಾಳ್ಮೆ ಇರಲಿಲ್ಲ.

ಹರಿ ಡಿವಿಡಿ ಹಾಕಿದ. ದೀಪಗಳು, ಹೂವು, ಎಳೆಯ ಮುಖದ ನಿರುಪಮಾ. ಆಮೇಲೆ ನೀಲಿ ಉಡುಪಿನ ಅವೂರ್, ಮೈಕ್ ಹಿಡಿದು ಒಬ್ಬಳೇ. ಬಾಯಿ ತೆರೆದಳು. ಟಿವಿಯಿಂದ ಡೋಲು, ಪಿಟೀಲುಗಳ ಜೊತೆ ಒಂದು ಸಿನಿಮಾ ಹಾಡು ಬಂತು.

"ಸೌಂಡ್..." ಎಂದ ಒಕೋತ್.

ಹರಿ ಹಿಂದೆ ಮುಂದೆ ಓಡಿಸಿದ. ಅದೇ ಹಾಡು. ವೀಡಿಯೋದವನು ಇಡೀ ಆರತಕ್ಷತೆಗೆ ಸಿನಿಮಾ ಹಾಡು ಹೊಂದಿಸಿಬಿಟ್ಟಿದ್ದ, ಆಗ ಎಲ್ಲರೂ ಹಾಗೇ ಮಾಡಿಸುತ್ತಿದ್ದರು. ಮೂಲ ಪ್ರತಿ ಯಾರ ಹತ್ತಿರವೂ ಇರಲಿಲ್ಲ. "ಸಾರಿ ಅಂಕಲ್" ಎಂದ ಹರಿ, ತಾನೇ ತಪ್ಪು ಮಾಡಿದವನ ಹಾಗೆ.

"ಸೌಂಡ್ ತೆಗೆದುಬಿಡಿ. ಸುಮ್ನೆ ನೋಡ್ತೀನಿ."

ಸದ್ದಿಲ್ಲದ ಪರದೆಯಲ್ಲಿ ಅವಳ ತುಟಿಗಳು. ಮೊದಲೆರಡು ಸಾಲು ಗೊತ್ತಾದವು. ಮುಂದೆ ಒಂದು ಸಾಲು ತಿಳಿಯಲಿಲ್ಲ. ಆಮೇಲೆ ತುಟಿ ದುಂಡಗಾಯಿತು, ಅದು ತನ್ನ ಹೆಸರಿರಬೇಕು. ಒಕೋತ್ ಟಿವಿಯ ಹತ್ತಿರ ನೆಲದ ಮೇಲೆ ಕೂತ. ಅಷ್ಟರಲ್ಲಿ ಕ್ಯಾಮೆರಾ ಪಕ್ಕಕ್ಕೆ ಸರಿದು ದೋಸೆ ಕೌಂಟರು, ತಟ್ಟೆ ಹಿಡಿದು ನಗುವ ಜನ, ಪುಟ್ಟ ಮಕ್ಕಳು. ಅದು ಮತ್ತೆ ವೇದಿಕೆಗೆ ಬಂದಾಗ ಅವಳ ಕೈಯಿಂದ ಒಕೋತ್ ಮೈಕ್ ಇಸಿದುಕೊಳ್ಳುತ್ತಿದ್ದ.

ಪದ್ಮ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತರು.

"ಆವತ್ತು ಅವಳು ಕೆಳಗೆ ಇಳಿದು ಬಂದಾಗ ನಾನು ಕೇಳಿದೆ, ಏನಮ್ಮ ಇದರ ಅರ್ಥ ಅಂತ. ಮಗೂಗೆ ಹಾಡೋ ಹಾಡು ಅಂದ್ಲು. ಮಧ್ಯದಲ್ಲಿ ನಿನ್ನ ಗಂಡನ ಹೆಸರು ಬಂತಲ್ಲ ಅಂದೆ. ನಕ್ಬಿಟ್ಲು."

"ಏನಂದ್ಲು ಪದ್ಮಕ್ಕ?"

ಪದ್ಮ ಸೆರಗಿನ ಅಂಚನ್ನು ಮಡಿಸಿದರು. ಹೇಳಲೋ ಬೇಡವೋ ಎಂದು ಗಂಡನ ಮುಖ ನೋಡಿದರು.

"ಅವರು ಕೇಳಿದ ದಿನ ಅವರಿಗೇ ಹೇಳ್ತೀನಿ ಆಂಟಿ, ಮೊದಲು ಅವರಿಗೇ ಗೊತ್ತಾಗ್ಬೇಕು ಅಂದ್ಲು."

ಒಕೋತ್ ತಲೆಯಾಡಿಸಿದ. ಪದ್ಮ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಟ್ಟರು.

ಡೌನರ್ಸ್ ಗ್ರೋವ್ ಅಲ್ಲಿಂದ ಹತ್ತು ನಿಮಿಷ. ಅನ್ಯಾಂಗೊಗೆ ಏಳು ತಿಂಗಳು. ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಒಕೋತ್ ಎಲ್ಲವನ್ನೂ ಹೇಳಿದ, ಅಲಂಕಾರವಿಲ್ಲದೆ ಹೇಳಿದ. ಐನೂರು ರೆಕಾರ್ಡು, ಮೂರು ಸೆಕೆಂಡು, ದೋಸೆ ಕೌಂಟರು, ಪದ್ಮಕ್ಕನ ಮಾತು. ಅವಳು ನೀರು ನಿಲ್ಲಿಸಿದಳು.

"ಯು ನೆವರ್ ಆಸ್ಕ್ಡ್ ಹರ್?"

"ಇಲ್ಲ."

"ಅವಳು ಅದನ್ನ ಹಾಡಿ ಮಲಗಿಸ್ತಿದ್ದಾಗ ನನಗೆ ನಾಲ್ಕು ವರ್ಷ ಡ್ಯಾಡ್. ನಾನು ಮರೆತೆ. ನಿಮಗೆ ಮೂವತ್ತಾರು."

ಒಕೋತ್ ತೊಳೆದಿಟ್ಟ ತಟ್ಟೆಯೊಂದನ್ನು ಎತ್ತಿಕೊಂಡು ಒರೆಸತೊಡಗಿದ. "ಅವಳು ಸತ್ತ ದಿನ ಕೂಡ ನೀವು ಬೀಜದ ವಿಷಯ ಮಾತಾಡ್ತಾ ಇದ್ರಿ" ಎಂದಳು. ಅಳುತ್ತಿದ್ದಳು. ಹೊಟ್ಟೆಯ ಮೇಲೆ ಒದ್ದೆ ಕೈ ಇಟ್ಟುಕೊಂಡು, ಇವತ್ತು ಹೋಗಿ ಪ್ಲೀಸ್ ಎಂದಳು. ಒಕೋತ್ ಹೊರಟ. ಕಾರಿನಲ್ಲಿ ಉಪ್ಪಿಟ್ಟಿನ ವಾಸನೆ ಮಿಷಿಗನ್‌ವರೆಗೂ ಇತ್ತು.

ಆ ಶನಿವಾರ ರೇಡಿಯೋಗೆ ಹೋಗಿ, ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಹಾಕಿದ. ಹೆಸರು ಹೇಳಿದ, ಸಾವು ಹುಟ್ಟು ಓದಿದ, ಮಿಕ್ಕಂತೆ ಮೈಕ್ ಮುಚ್ಚಿಟ್ಟ. ಒಬ್ಬ ಟ್ರಕ್ ಡ್ರೈವರ್ ಫೋನ್ ಮಾಡಿ, "ಬ್ರದರ್, ಹುಷಾರಿಲ್ವಾ? ನಿಮ್ಮ ಮಾತೇ ಇಲ್ಲ" ಎಂದ. ಸೆಪ್ಟೆಂಬರಿನಲ್ಲಿ ಕಾರ್ಯಕ್ರಮವನ್ನು ಘಾನಾದ ಒಬ್ಬ ಹುಡುಗಿಗೆ ಬಿಟ್ಟುಕೊಟ್ಟ. ರಾಜ್ಯೋತ್ಸವಕ್ಕೆ ಸಂಘದವರು ಕರೆದಾಗ, ಈ ಸಲ ಆಗಲ್ಲ, ಬಂದು ಹಿಂದಿನ ಸಾಲಲ್ಲಿ ಕೂತ್ಕೋತೀನಿ ಎಂದ. ಹೋಗಲಿಲ್ಲ. ಮಗಳು ಫೋನ್ ಮಾಡಲಿಲ್ಲ. ವಾರಕ್ಕೊಮ್ಮೆ ಇವನೇ ಒಂದು ಸಂದೇಶ ಕಳಿಸುತ್ತಿದ್ದ. ಅಳಿಯ ಉತ್ತರಿಸುತ್ತಿದ್ದ.

ನವೆಂಬರ್ ಹತ್ತೊಂಬತ್ತರಂದು ಅವಳೇ ಒಂದು ಫೋಟೋ ಕಳಿಸಿದಳು. ಹೆಣ್ಣು ಮಗು. ಕೆಳಗೆ ಎರಡೇ ಪದ, ಬನ್ನಿ ಡ್ಯಾಡ್.

ಅವನು ಹೋದಾಗ ಅನ್ಯಾಂಗೊ ಸೋಫಾದಲ್ಲಿ ಒರಗಿದ್ದಳು, ಕಣ್ಣ ಕೆಳಗೆ ಕಪ್ಪು. ಎದ್ದು ಮಗುವನ್ನು ಅವನ ತೋಳಿಗೆ ಕೊಟ್ಟಳು. ಮಗು ಒಮ್ಮೆ ಮುಖ ಗಂಟಿಕ್ಕಿ, ಮತ್ತೆ ನಿದ್ದೆಗೆ ಜಾರಿತು.

"ಏನಾದ್ರೂ ಹೇಳಿ" ಎಂದಳು ಅನ್ಯಾಂಗೊ. ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿಮಗೆ ಯಾವಾಗಲೂ ಹೇಳಕ್ಕೆ ಏನಾದ್ರೂ ಇರುತ್ತಲ್ಲ."

ಒಕೋತ್ ಬಾಯಿ ತೆರೆದ. ಏನೂ ಬರಲಿಲ್ಲ. ಮುಖ ತಿರುಗಿಸಿಕೊಂಡ, ಭುಜ ಕುಲುಕಿತು. ಮಗಳು ಅವನನ್ನು ಅಪ್ಪಿಕೊಳ್ಳಲಿಲ್ಲ, ದೂರವೂ ಸರಿಯಲಿಲ್ಲ. ಅವನು ಸಮಾಧಾನವಾಗುವವರೆಗೆ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಹಾಲು ಕೊಡುವ ಹೊತ್ತಾಯಿತು ಎಂದು ಮಗುವನ್ನು ತೆಗೆದುಕೊಂಡಳು.

"ಫ್ರಿಜ್ಜಲ್ಲಿ ಸೂಪ್ ಇದೆ. ಬಿಸಿ ಮಾಡ್ಕೊಂಡು ತಿನ್ನಿ. ನನಗೂ ಸ್ವಲ್ಪ ತನ್ನಿ."

ಅವನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ.